ಸರ್ ಎಂ. ವಿಶ್ವೇಶ್ವರಯ್ಯನವರು ಮತ್ತು ಕೈಕಸಬಿನ ವಿದ್ಯೆ

ಹುಟ್ಟಿದ ನಾಡನ್ನು ಬಿಟ್ಟು, ಹೊಟ್ಟೆಪಾಡಿಗಾಗಿ ಈ ಮುಂಬಯಿ ಮಹಾನಗರವನ್ನು ಸೇರಿ, ಲೋಕಲ್ ಗಾಡಿಗಳ ನೂಕುನುಗ್ಗಲಿನಲ್ಲಿ ದಿನಗಳನ್ನು ಕಳೆಯುತ್ತಿರುವ ನಾವೆಲ್ಲರೂ ವರ್ಷಕ್ಕೊಮ್ಮೆಯಾದರೂ ಒಂದೆಡೆ ನೆರೆದು ತಾಯ್ನಾಡಿನ ಹಿರಿಯರನ್ನು ಸ್ಮರಿಸುವುದು ನಮ್ಮ ಸಂಘದ ಸತ್ಸಂಪ್ರದಾಯ. ಕವಿಗಳನ್ನೂ ಶರಣರನ್ನೂ ದಾಸರನ್ನೂ ಕುರಿತು ಈ ಸಂಚಿಕೆಗಳಲ್ಲಿ ಬಲ್ಲವರು ಬರೆಯುತ್ತ ಬಂದಿದ್ದಾರೆ. ಬ್ಯಾಂಕಿನಲ್ಲಿ ಜಮಾಖರ್ಚು ಬರೆಯುವ ಗುಮಾಸ್ತರಾದ ನಮಗೆ ಅಷ್ಟು ಪಾಂಡಿತ್ಯವಿಲ್ಲ. ಆದರೆ ಲೆಕ್ಕ ಬಲ್ಲ ಒಬ್ಬ ಮಹನೀಯರ ಚರಿತ್ರೆಯನ್ನು ಹೇಳುವುದಕ್ಕೆ ಲೆಕ್ಕ ಬರೆಯುವವರಿಗೂ ಅಷ್ಟಿಷ್ಟು ಅಧಿಕಾರ ಉಂಟೆಂದು ಭಾವಿಸಿ ಈ ಸಾಹಸಕ್ಕೆ ಕೈಹಾಕಿದ್ದೇವೆ.

ಇದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇವೆ. ಕಳೆದ ವರ್ಷ ಜೂನ್ ತಿಂಗಳಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರು, ಹಾವೇರಿ ಕಡೆಯವರು, ಸಾಲದ ವಿಚಾರ ಕೇಳಲು ಮನೆಗೆ ಬಂದರು. ಅವರ ಮಗನಿಗೆ ಹತ್ತನೆಯ ತರಗತಿಯಲ್ಲಿ ನೂರಕ್ಕೆ ಅರವತ್ತೊಂದು ಅಂಕಗಳು ಬಂದಿದ್ದುವು. ಹುಡುಗನಿಗೆ ಐ.ಟಿ.ಐ. ಸೇರಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯುವ ಆಸೆ. ತಂದೆಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಹೇಗಾದರೂ ಮಾಡಿ, ಮುಂದೆ ಎಷ್ಟೇ ಸಾಲವಾದರೂ ಸರಿ, ಅವನನ್ನು ಎಂಜಿನಿಯರನನ್ನಾಗಿ ಮಾಡಬೇಕೆಂದು ಅವರ ಹಟ. ಊರಿನ ಬೀಗರೆದುರು ಮಗ ತಂತಿ ಎಳೆಯುವವನೆಂದು ಹೇಳುವುದು ಹೇಗೆಂಬುದೇ ಅವರ ಸಂಕಟ. ಮಾತಿನ ನಡುವೆ ಅವರು ಗೋಡೆಯ ಕ್ಯಾಲೆಂಡರಿನಲ್ಲಿದ್ದ ವಿಶ್ವೇಶ್ವರಯ್ಯನವರ ಚಿತ್ರವನ್ನು ತೋರಿಸಿ, ಮಗ ಅವರಂತಾಗಬೇಕೆಂದರು. ಅವರು ಹೋದ ಮೇಲೆ ನಾವು ಆ ಚಿತ್ರವನ್ನೇ ಬಹಳ ಹೊತ್ತು ನೋಡುತ್ತ ಕುಳಿತೆವು. ಮೈಸೂರು ಪೇಟ, ಕೋಟು, ಕೊರಳಪಟ್ಟಿ. ಆ ಪೇಟದ ಕೆಳಗಿದ್ದ ತಲೆ ತನ್ನ ಆಯುಷ್ಯದ ಬಹುಭಾಗ ಚಿಂತಿಸಿದ್ದು ಇಂಥ ಹುಡುಗರನ್ನೇ ಕುರಿತು ಎಂಬುದು ಆ ಹಿರಿಯರಿಗೆ ತಿಳಿದಿರಲಿಲ್ಲ. ನಮಗೂ ಪೂರ್ಣವಾಗಿ ತಿಳಿದಿರಲಿಲ್ಲ. ತಿಳಿದುಕೊಂಡಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ, ಸೆಪ್ಟೆಂಬರ್ 15ರಂದು. ಹಿರಿಯರು ಆಂಧ್ರದ ಮೋಕ್ಷಗುಂಡದಿಂದ ವಲಸೆ ಬಂದವರು. ವಲಸೆ ಬಂದ ಮನೆತನದಲ್ಲಿ ಹುಟ್ಟಿದವರು ಬಂದ ನಾಡಿಗೆ ಎಷ್ಟರಮಟ್ಟಿಗೆ ಸಲ್ಲಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ನಮ್ಮಂಥವರಿಗೆ ಬೇಕಿಲ್ಲ. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗ ಇನ್ನೂ ಬಾಲಕನಾಗಿದ್ದಾಗಲೇ ಅವರು ತೀರಿಕೊಂಡರು. ತಾಯಿ ವೆಂಕಟಲಕ್ಷ್ಮಮ್ಮನವರ ಧೈರ್ಯ, ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರ ಆಸರೆ, ಇವೆರಡರಿಂದ ಹುಡುಗನ ಓದು ಸಾಗಿತು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಒಂದು ಅನುಕೂಲಸ್ಥರ ಮನೆಯ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ತಾವೇ ತೂಗಿಸಿಕೊಂಡರು.

ಬಿ.ಎ. ಆದ ಮೇಲೆ ಎಂಜಿನಿಯರಿಂಗ್ ಕಲಿಯಬೇಕೆಂದರೆ ಮೈಸೂರು ಸಂಸ್ಥಾನದಲ್ಲಿ ಅದಕ್ಕೆ ಕಾಲೇಜೇ ಇರಲಿಲ್ಲ. ಸಂಸ್ಥಾನದ ಸರ್ಕಾರ ಕೊಟ್ಟ ವಿದ್ಯಾರ್ಥಿವೇತನವನ್ನು ನಂಬಿ, ಐನೂರು ಮೈಲಿ ದೂರದ ಪುಣೆಯ ಕಾಲೇಜ್ ಆಫ್ ಸೈನ್ಸಿಗೆ ಅವರು ಹೊರಟರು. ಈ ಕಾಲೇಜಿನ ಹುಟ್ಟನ್ನು ಗಮನಿಸಬೇಕು. 1854ರಲ್ಲಿ ಅದು ಪ್ರಾರಂಭವಾದದ್ದು ಲೋಕೋಪಯೋಗಿ ಇಲಾಖೆಯ ಕೆಳದರ್ಜೆಯ ಕೆಲಸಗಾರರನ್ನು ತಯಾರುಮಾಡುವ ಒಂದು ಸಣ್ಣ ತರಗತಿಯಾಗಿ. ಓವರ್‌ಸಿಯರುಗಳನ್ನು ತಯಾರಿಸಲು ಹುಟ್ಟಿದ ಶಾಲೆಯೇ ಬೆಳೆದು ಮುಂದೆ ಭಾರತರತ್ನರನ್ನು ಕೊಟ್ಟಿತು. 1883ರಲ್ಲಿ ಅವರು ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, 1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿ ನಾಸಿಕಕ್ಕೆ ಹೋದರು.

ಮುಂಬಯಿ ಸರ್ಕಾರದ ಸೇವೆಯ ಆ ಇಪ್ಪತ್ತನಾಲ್ಕು ವರ್ಷಗಳ ಕೆಲಸವನ್ನು ವಿಸ್ತರಿಸಿದರೆ ಈ ಸಂಚಿಕೆಯೇ ಸಾಲದು. ಸಿಂಧದ ಸಕ್ಕರಿಗೆ ಕುಡಿಯುವ ನೀರನ್ನು ಒದಗಿಸಿದರು. ಪುಣೆಯ ಹತ್ತಿರದ ಖಡಕವಾಸ್ಲಾ ಕೆರೆಗೆ, ನೀರಿನ ಮಟ್ಟ ಏರಿದಾಗ ತಾವಾಗಿಯೇ ತೆರೆದು, ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಕಲ್ಪಿಸಿದರು. ಕಾಲುವೆಯ ನೀರು ಕೆಲವೇ ರೈತರ ಪಾಲಾಗದಂತೆ ಸರದಿಯ ಪ್ರಕಾರ ಹಂಚುವ ಬ್ಲಾಕ್ ಪದ್ಧತಿಯನ್ನು ತಂದರು. ಇಲ್ಲಿ ನಮಗೆ ಮುಖ್ಯವಾದ ಸಂಗತಿ ಬೇರೊಂದಿದೆ. 1898ರಲ್ಲಿ ಅವರು ರಜೆ ಪಡೆದು ಜಪಾನಿಗೆ ಹೋಗಿಬಂದರು. ಆಗ ಜಪಾನಿನಲ್ಲಿ ಕಡ್ಡಾಯ ಶಿಕ್ಷಣ ಪ್ರಾರಂಭವಾಗಿ ಕಾಲು ಶತಮಾನವಷ್ಟೇ ಕಳೆದಿತ್ತು. ಅಷ್ಟರಲ್ಲಿಯೇ ಆ ಸಣ್ಣ ದೇಶ ಶಾಲೆಯನ್ನೂ ಕಾರ್ಖಾನೆಯನ್ನೂ ಒಂದಕ್ಕೊಂದು ಹೊಂದಿಸಿಕೊಂಡು ಎದ್ದು ನಿಂತಿತ್ತು. ಅಕ್ಷರ ಬಲ್ಲ ರೈತ, ನಕ್ಷೆ ಓದಬಲ್ಲ ಬಡಗಿ, ಲೆಕ್ಕ ಬಲ್ಲ ನೇಕಾರ ಇವರಿಂದಲೇ ದೇಶ ಸಂಪನ್ನವಾಗುತ್ತದೆಂಬ ನಂಬಿಕೆ ಅವರಲ್ಲಿ ಬೇರೂರಿತು. ಮುಂದೆ ಅವರು ಮಾಡಿದ ಕೆಲಸಗಳಲ್ಲೆಲ್ಲ ಈ ನಂಬಿಕೆಯೇ ಕಾಣುತ್ತದೆ.

1908ರಲ್ಲಿ ಅವರು ಮುಂಬಯಿ ಸರ್ಕಾರದ ಸೇವೆಯನ್ನು ತಾವಾಗಿಯೇ ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ನಗರದಲ್ಲಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ನಿಜಾಮ ಸರ್ಕಾರದ ಕರೆಗೆ ಓಗೊಟ್ಟು ಅವರು ಕೊಟ್ಟ ಯೋಜನೆಯ ಫಲವಾಗಿಯೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳೆಂಬ ಎರಡು ಜಲಾಶಯಗಳು ಎದ್ದುವು. ಹೈದರಾಬಾದಿನ ನಮ್ಮ ಕನ್ನಡ ಬಂಧುಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

1909ರಲ್ಲಿ ಮೈಸೂರು ಸರ್ಕಾರ ಅವರನ್ನು ಚೀಫ್ ಎಂಜಿನಿಯರರಾಗಿ ಬರಲು ಕರೆಯಿತು. ಹುಟ್ಟೂರಿನ ದೊಡ್ಡ ಹುದ್ದೆಯೆಂದು ಅವರು ಒಡನೆಯೇ ಹೊರಟು ಬರಲಿಲ್ಲ. ಸಂಸ್ಥಾನದಲ್ಲಿ ತಾಂತ್ರಿಕ ಶಿಕ್ಷಣಕ್ಕೂ ಕೈಗಾರಿಕೆಗಳಿಗೂ ಪ್ರೋತ್ಸಾಹ ದೊರೆಯುವುದೇ ಎಂಬುದನ್ನು ಮೊದಲು ವಿಚಾರಿಸಿಕೊಂಡರು. ಅನುಕೂಲವಾದ ಉತ್ತರ ಬಂದ ಮೇಲೆಯೇ ಒಪ್ಪಿದರು. ಕಟ್ಟೆ ಕಟ್ಟುವವರಿಗೆ ಶಾಲೆಯ ಗೊಡವೆ ಏಕೆಂದು ಆಗ ಕೆಲವರಾದರೂ ಆಶ್ಚರ್ಯಪಟ್ಟಿರಬಹುದು. ಅವರ ಲೆಕ್ಕದಲ್ಲಿ ಎರಡೂ ಒಂದೇ ಕೆಲಸವಾಗಿತ್ತು. ಮಳೆಗಾಲದಲ್ಲಿ ಹರಿದುಹೋಗುವ ನೀರನ್ನು ತಡೆದು ನಿಲ್ಲಿಸದಿದ್ದರೆ ಅದು ಹೊಲಕ್ಕೆ ಒದಗುವುದಿಲ್ಲ. ಹಳ್ಳಿಯಲ್ಲಿ ಹುಟ್ಟಿದ ಬುದ್ಧಿಯೂ ಶಾಲೆಯಿಲ್ಲದಿದ್ದರೆ ಹಾಗೆಯೇ ಹರಿದುಹೋಗುತ್ತದೆ.

1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾಯಿತು. ಅದೇ ವರ್ಷ ಮೈಸೂರು ಸಂಪದಭ್ಯುದಯ ಸಮಾಜವೂ ಸ್ಥಾಪಿತವಾಗಿ, ಶಿಕ್ಷಣ, ವ್ಯವಸಾಯ, ಕೈಗಾರಿಕೆ ಮತ್ತು ವಾಣಿಜ್ಯಗಳನ್ನು ಕುರಿತು ಅಧಿಕಾರಿಗಳೂ ಪ್ರಜೆಗಳೂ ಒಟ್ಟಿಗೆ ಕುಳಿತು ವಿಚಾರಮಾಡುವ ರೂಢಿ ಬಂದಿತು. 1912ರ ನವೆಂಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಆ ಪದವಿಯನ್ನು ಒಪ್ಪಿಕೊಳ್ಳುವ ಮೊದಲು ಅವರು ಬಂಧುಗಳನ್ನು ಕರೆಸಿ, ತಮ್ಮ ಹೆಸರಿನಲ್ಲಿ ಯಾವ ಉಪಕಾರವನ್ನೂ ಕೇಳಕೂಡದೆಂದು ತಿಳಿಸಿದರಂತೆ. ಅವರನ್ನು ಕುರಿತ ಕಥೆಗಳು ನಾಡಿನಲ್ಲಿ ಅನೇಕ ಹರಡಿವೆ. ಸರ್ಕಾರದ ಮೇಣದಬತ್ತಿ, ಸ್ವಂತದ ಮೇಣದಬತ್ತಿ ಎಂಬ ಕಥೆಯನ್ನು ಯಾರು ಕೇಳಿಲ್ಲ? ಅಂಥ ಕಥೆಗಳನ್ನು ಇಲ್ಲಿ ಬದಿಗಿಟ್ಟು, ಅವರು ಬಿಟ್ಟುಹೋದ ಸಂಸ್ಥೆಗಳ ಪಟ್ಟಿಯನ್ನೇ ನೋಡೋಣ.

1913ರಲ್ಲಿ ಕೆಲವು ಆಯ್ದ ಪ್ರದೇಶಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಮಾಡುವ ಶಾಸನ ಬಂದಿತು. ಅದೇ ವರ್ಷ ಮೈಸೂರು ಬ್ಯಾಂಕು ಹುಟ್ಟಿತು. ಬ್ಯಾಂಕಿನವರಾದ ನಾವು ಇದನ್ನು ಕೊಂಚ ಹೆಮ್ಮೆಯಿಂದಲೇ ಹೇಳುತ್ತೇವೆ. 2017ರಲ್ಲಿ ಅದು ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರು ಅಳಿಸಿಹೋದಾಗ, ಅಲ್ಲಿ ನೌಕರಿಯಲ್ಲಿರದಿದ್ದ ನಮಗೂ ಮನೆಯ ಹಿರಿಯರೊಬ್ಬರು ಹೋದಂತೆನಿಸಿತ್ತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದುವು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಮೂವತ್ತಾರು ವರ್ಷಗಳ ಹಿಂದೆ ಕಾಲೇಜಿಲ್ಲದ ನಾಡಿನಿಂದ ಪುಣೆಗೆ ಹೋಗಬೇಕಾಗಿ ಬಂದ ಹುಡುಗನೇ ದಿವಾನರಾಗಿ, ಮುಂದಿನ ಹುಡುಗರಿಗೆ ಆ ತೊಂದರೆಯನ್ನು ತಪ್ಪಿಸಿದರು. ಇದೇ ಇಂದು ಅವರ ಹೆಸರನ್ನು ಹೊತ್ತಿರುವ ಕಾಲೇಜು. ಶ್ರೀಗಂಧದ ಎಣ್ಣೆ, ಸಾಬೂನು, ಭದ್ರಾವತಿಯ ಕಬ್ಬಿಣ, ಈ ಉದ್ಯಮಗಳೆಲ್ಲ ಅದೇ ಕಾಲದ ಫಲಗಳು. ಶಾಲೆಯಲ್ಲಿ ಕಲಿತವನಿಗೆ ಕಾರ್ಖಾನೆ ಬೇಕು, ಕಾರ್ಖಾನೆಗೆ ಕಲಿತವನು ಬೇಕು. ಎರಡರಲ್ಲಿ ಒಂದನ್ನು ಮಾತ್ರ ಕಟ್ಟಿದರೆ ಜಮಾ ಪುಟವಿದ್ದು ಖರ್ಚಿನ ಪುಟವಿಲ್ಲದ ಲೆಡ್ಜರಿನಂತಾಗುತ್ತದೆ.

ಮಹನೀಯರ ಚರಿತ್ರೆಯಲ್ಲಿ ಅಹಿತವಾದ ಭಾಗವನ್ನು ಬಿಟ್ಟುಬಿಡುವುದು ಸ್ಮರಣ ಸಂಚಿಕೆಗಳ ವಾಡಿಕೆ. ನಾವು ಅದನ್ನು ಬಿಡುವುದಿಲ್ಲ. ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಸ್ಥಾನಗಳಿರಬೇಕೆಂಬ ಬೇಡಿಕೆ ಆಗ ಸಂಸ್ಥಾನದಲ್ಲಿ ಬಲವಾಗಿತ್ತು. ಅರ್ಹತೆಯೊಂದೇ ಮಾನದಂಡವಾಗಬೇಕು, ಶಿಕ್ಷಣ ಎಲ್ಲರಿಗೂ ಹರಡಿದರೆ ಅಂತರ ತಾನಾಗಿ ಕರಗುತ್ತದೆ ಎಂಬುದು ದಿವಾನರ ಮತ. ತಲೆಮಾರುಗಳಿಂದ ಶಾಲೆಯ ಬಾಗಿಲು ಕಾಣದವರು ಅಲ್ಲಿಯವರೆಗೆ ಎಷ್ಟು ಕಾಲ ಕಾಯಬೇಕೆಂಬುದು ಎದುರು ಪಕ್ಷದವರ ಪ್ರಶ್ನೆ. 1918ರಲ್ಲಿ ಮಹಾರಾಜರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ವಿಶ್ವೇಶ್ವರಯ್ಯನವರು ಅದೇ ವರ್ಷದ ಕೊನೆಯಲ್ಲಿ ದಿವಾನಗಿರಿಯನ್ನು ಬಿಟ್ಟರು. ಸಮಿತಿ ಮೀಸಲಾತಿಯ ಪರವಾಗಿ ಶಿಫಾರಸು ಮಾಡಿತು, ಸಂಸ್ಥಾನ ಅದನ್ನು ಸ್ವೀಕರಿಸಿತು. ಇಂದು ಹಿಂದಿರುಗಿ ನೋಡಿದರೆ ಆ ಪ್ರಶ್ನೆ ನ್ಯಾಯವಾದುದೇ ಆಗಿತ್ತೆಂದು ನಮಗೆ ತೋರುತ್ತದೆ. ಆದರೂ ತಮ್ಮ ಮನಸ್ಸಿಗೆ ಒಪ್ಪದ ಕಾರ್ಯಕ್ಕೆ ಸಹಿ ಹಾಕುವುದಕ್ಕಿಂತ ಅಧಿಕಾರವನ್ನೇ ಬಿಟ್ಟ ಆ ನಿಷ್ಠೆಯನ್ನು ಅವರ ಮತವನ್ನು ಒಪ್ಪದವರೂ ಗೌರವಿಸಬೇಕು.

ಇನ್ನು ನಮ್ಮ ಮುಂಬಯಿಗೆ ಸಂಬಂಧಿಸಿದ, ಆದರೆ ಮುಂಬಯಿಗರು ಮರೆತಿರುವ ಒಂದು ಅಧ್ಯಾಯವನ್ನು ಹೇಳಬೇಕು. 1921ರಲ್ಲಿ ಮುಂಬಯಿ ಸರ್ಕಾರ ಈ ಪ್ರಾಂತದ ತಾಂತ್ರಿಕ ಮತ್ತು ಔದ್ಯೋಗಿಕ ಶಿಕ್ಷಣವನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿ, ಹಿಂದೆ ತನ್ನಲ್ಲಿಯೇ ನೌಕರರಾಗಿದ್ದ ವಿಶ್ವೇಶ್ವರಯ್ಯನವರನ್ನು ಅದಕ್ಕೆ ಅಧ್ಯಕ್ಷರನ್ನಾಗಿ ಮಾಡಿತು. ಶಿಕ್ಷಣ ಕೆಲವೇ ಎಂಜಿನಿಯರುಗಳಿಗೆ ನಿಲ್ಲದೆ ಕೆಲಸಗಾರರ ಸಮೂಹಕ್ಕೂ ತಲುಪಬೇಕೆಂಬುದು ಅವರ ಆಶಯವಾಗಿತ್ತು. ಸಮಿತಿಯಲ್ಲಿ ಒಮ್ಮತ ಮೂಡಲಿಲ್ಲ. ಭಾರತೀಯ ಸದಸ್ಯರು ಒಂದು ಕಡೆ, ಆಂಗ್ಲ ಸದಸ್ಯರು ಇನ್ನೊಂದು ಕಡೆ ಆದರು. ವರದಿ ಸರ್ಕಾರದ ಕಪಾಟನ್ನು ಸೇರಿತು. ಅದೇ ಸುಮಾರಿಗೆ, 1923ರಲ್ಲಿ, ಭಾಯಖಳದಲ್ಲಿದ್ದ ವಿಕ್ಟೋರಿಯಾ ಜ್ಯೂಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟು ಮಾಟುಂಗಕ್ಕೆ ಬಂದಿತು. ಇಂದು ವೀರಮಾತಾ ಜೀಜಾಬಾಯಿಯವರ ಹೆಸರಿರುವ ಆ ಸಂಸ್ಥೆಯ ಮುಂದೆ ನಾವೆಲ್ಲ ನೂರಾರು ಸಲ ಹಾದುಹೋಗಿದ್ದೇವೆ. ಹಾದುಹೋಗುವಾಗ, ಆ ಕಾಲದಲ್ಲಿ ಈ ನಗರದ ಗಿರಣಿ ಕೆಲಸಗಾರರ ಮಕ್ಕಳಿಗಾಗಿ ನಮ್ಮ ನಾಡಿನ ಹಿರಿಯರೊಬ್ಬರು ಹೋರಾಡಿ, ಗೆಲ್ಲದೆ ಹಿಂದಿರುಗಿದರೆಂಬುದನ್ನು ನೆನೆಯುವುದು ಯೋಗ್ಯ.

1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ತೆಗೆಯಲು ಪ್ರಾರಂಭಿಸಿತು. ಆದರೆ ಯುದ್ಧಾನಂತರ ಬೆಲೆಗಳು ಕುಸಿದು ನಷ್ಟವೇ ಮುಂದಾಯಿತು. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದು ಅದನ್ನು ನೆಲೆಗೆ ತಂದರು. ಈ ಸೇವೆಗಾಗಿ ಅವರಿಗೆ ಸಲ್ಲಬೇಕಾದ ಹಣ ಲಕ್ಷಕ್ಕೂ ಮಿಕ್ಕಿತ್ತು. ಅದನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರು ಕಸಬು ಕಲಿಯುವುದಕ್ಕೆ ಒಂದು ಶಾಲೆಯನ್ನು ಕಟ್ಟಲು ಅದನ್ನು ವಿನಿಯೋಗಿಸಬೇಕೆಂದು ಸರ್ಕಾರಕ್ಕೆ ತಿಳಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆ ಶಾಲೆ ತೆರೆಯಿತು. ಅದಕ್ಕೆ ತಮ್ಮ ಹೆಸರನ್ನು ಇಡಗೊಡದೆ ಮಹಾರಾಜರ ಹೆಸರನ್ನು ಇಡಿಸಿದರು. ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂಬುದೇ ಅದು, ಈಗ ಎಸ್.ಜೆ.ಪಿ. ಎಂದು ಎಲ್ಲರೂ ಕರೆಯುವ ಪಾಲಿಟೆಕ್ನಿಕ್.

ಈ ಶಾಲೆಯ ಫಲ ಮುಂಬಯಿಗೂ ಬಂದಿದೆ. ಅಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಕಲಿತ ಮೈಸೂರಿನ ವಿ.ಕೆ. ಮೂರ್ತಿಯವರು ಈ ನಗರಕ್ಕೆ ಬಂದು ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರಲ್ಲಿ ಬೆಳಕಿನ ಕೋಲೊಂದು ಮೇಲಿನಿಂದ ಇಳಿದುಬರುವ ದೃಶ್ಯವನ್ನು ಕಂಡವರು ಮರೆಯಲಾರರು. ಮುಂದೆ ಅವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ದೊರೆಯಿತು. ಹಿಂದೀ ಚಿತ್ರಗಳ ನಿರ್ದೇಶಕ ಗೋವಿಂದ ನಿಹಲಾನಿಯವರು ಕಲಿತದ್ದೂ ಅಲ್ಲಿಯೇ. ಕಸಬಿನ ಶಾಲೆಯಿಂದ ಕೇವಲ ರಿಪೇರಿ ಮಾಡುವವರು ಹೊರಬರುತ್ತಾರೆಂದು ಹಗುರವಾಗಿ ಮಾತಾಡುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ರಿಪೇರಿ ಮಾಡುವವನೂ ಹಗುರನಲ್ಲವೆಂಬುದು ಬೇರೆ ಮಾತು.

ಕಡೆಯ ದಿನಗಳವರೆಗೂ ಅವರು ಸುಮ್ಮನೆ ಕೂಡಲಿಲ್ಲ. 1927ರಿಂದ 1955ರವರೆಗೆ ಟಾಟಾ ಉಕ್ಕಿನ ಕಂಪೆನಿಯ ನಿರ್ದೇಶಕರಾಗಿದ್ದರು. 1934ರಲ್ಲಿ ಭಾರತಕ್ಕೆ ಯೋಜನಾಬದ್ಧ ಆರ್ಥಿಕ ವ್ಯವಸ್ಥೆಯನ್ನು ಕುರಿತು ಗ್ರಂಥ ಬರೆದರು. 1941ರಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಉತ್ಪಾದಕರ ಸಂಸ್ಥೆ ಹುಟ್ಟಿದಾಗ ಅದರ ಅಧ್ಯಕ್ಷರಾದರು. ಭಾರತದಲ್ಲಿಯೇ ಮೋಟಾರು ತಯಾರಿಸುವ ಕಾರ್ಖಾನೆಗಾಗಿ ವರ್ಷಗಟ್ಟಲೆ ಓಡಾಡಿದರು. ತೊಂಬತ್ತರ ಸಮೀಪದಲ್ಲಿ, ಹಳ್ಳಿಗಳ ಗುಂಪುಗಳು ತಮ್ಮಲ್ಲಿಯೇ ಸಣ್ಣ ಕೈಗಾರಿಕೆಗಳನ್ನು ನಡೆಸಬೇಕೆಂಬ ಯೋಜನೆಯನ್ನು ಮುಂದಿಟ್ಟರು. 1955ರಲ್ಲಿ ಭಾರತರತ್ನ ಬಂದಿತು. 1960ರಲ್ಲಿ ಜನ್ಮಶತಾಬ್ದಿಯ ಅಂಚೆಚೀಟಿ ಹೊರಟಾಗ ಅದನ್ನು ಕಣ್ಣಾರೆ ಕಂಡ ಭಾಗ್ಯ ಅವರದು. 1962ರ ಏಪ್ರಿಲಿನಲ್ಲಿ, ನೂರು ವರ್ಷಗಳಿಗೂ ಮಿಕ್ಕಿದ ಬಾಳನ್ನು ಮುಗಿಸಿ ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು. ಅಂತ್ಯಸಂಸ್ಕಾರ ಮುದ್ದೇನಹಳ್ಳಿಯಲ್ಲಿ ನಡೆಯಿತು.

ಅವರ ಹುಟ್ಟುಹಬ್ಬವನ್ನು ದೇಶ ಎಂಜಿನಿಯರರ ದಿನವೆಂದು ಆಚರಿಸುತ್ತದೆ. 1998ರಲ್ಲಿ ಬೆಳಗಾವಿಯಲ್ಲಿ ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ನಾವು ಅವರಿಂದ ಅರ್ಧವನ್ನು ಮಾತ್ರ ತೆಗೆದುಕೊಂಡೆವೇನೋ ಎಂಬ ಶಂಕೆ ನಮ್ಮನ್ನು ಬಿಡದು. ಎಂಜಿನಿಯರಿಂಗ್ ಕಾಲೇಜುಗಳನ್ನು ಬೀದಿಬೀದಿಗೆ ತೆರೆದೆವು, ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟನ್ನು ಮರೆತೆವು. ದೇಶದಲ್ಲಿ ಇಂದು ಸುಮಾರು ಹದಿನೈದು ಸಾವಿರ ಐ.ಟಿ.ಐ.ಗಳಿವೆ, ಅವುಗಳಲ್ಲಿ ಹೆಚ್ಚಿನವು ಖಾಸಗಿಯವು. ಹಲವೆಡೆ ಯಂತ್ರಗಳು ಹಳೆಯವು, ಹೊರಗಿನ ಕಾರ್ಖಾನೆಯ ಯಂತ್ರಗಳು ಹೊಸವು. 1961ರ ಅಪ್ರೆಂಟಿಸ್ ಶಾಸನ ಶಾಲೆಗೂ ಕಾರ್ಖಾನೆಗೂ ಗಂಟುಹಾಕಲೆಂದೇ ಬಂದುದು; ಅದರ ಪೂರ್ಣ ಪ್ರಯೋಜನವನ್ನು ನಾವು ಪಡೆದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲೆಯ ಮಕ್ಕಳಿಗೆಲ್ಲ ಯಾವುದಾದರೊಂದು ಕಸಬಿನ ಪರಿಚಯವಾಗಬೇಕೆಂದಿದೆ. ಕರ್ನಾಟಕ ಸರ್ಕಾರ ಟಾಟಾ ಸಂಸ್ಥೆಯೊಂದರ ಜೊತೆಗೂಡಿ ಸುಮಾರು 150 ಸರ್ಕಾರಿ ಐ.ಟಿ.ಐ.ಗಳಿಗೆ ಹೊಸ ಯಂತ್ರಗಳನ್ನು ಹಾಕಿಸಿದೆ. ಇವು ಆಶಾದಾಯಕವಾದ ಹೆಜ್ಜೆಗಳು.

ಬ್ಯಾಂಕಿನ ಮೇಜಿನಿಂದ ಕಂಡುದನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಎಂಜಿನಿಯರಿಂಗ್ ಸೀಟಿಗಾಗಿ ಸಾಲದ ಅರ್ಜಿಗಳು ಪ್ರತಿ ವರ್ಷವೂ ಬರುತ್ತವೆ. ಹುಡುಗನಿಗೆ ಆ ಓದಿನಲ್ಲಿ ಒಲವಿದೆಯೇ ಎಂಬುದನ್ನು ಕೇಳುವ ಅಂಕಣ ಅರ್ಜಿಯಲ್ಲಿಲ್ಲ. ಕೆಲವು ವರ್ಷಗಳ ಬಳಿಕ ಅದೇ ತಂದೆ ಕಂತು ಕಟ್ಟಲಾರದೆ ಮೇಜಿನ ಮುಂದೆ ತಲೆತಗ್ಗಿಸಿ ನಿಲ್ಲುವುದನ್ನು ನಾವು ಕಂಡಿದ್ದೇವೆ. ಕಸಬು ಕಲಿಯುವವರಿಗೂ ಬ್ಯಾಂಕಿನ ಸಾಲ ದೊರೆಯುತ್ತದೆ. 2015ರಲ್ಲಿ ಬಂದ ಯೋಜನೆಯಲ್ಲಿ ಇದ್ದ ಒಂದೂವರೆ ಲಕ್ಷದ ಮಿತಿ 2024ರಲ್ಲಿ ಏಳೂವರೆ ಲಕ್ಷಕ್ಕೆ ಏರಿತು. ಆದರೆ ಅದನ್ನು ಕೇಳಿಕೊಂಡು ಬರುವವರು ವಿರಳ. ಹಣದ ಕೊರತೆಗಿಂತ ಮಾನದ ಅಂಜಿಕೆಯೇ ಇಲ್ಲಿ ದೊಡ್ಡದೆಂದು ನಮಗೆ ತೋರುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಗೆ ಗಾದೆ ಕಲಿಸುತ್ತೇವೆ, ನಮ್ಮ ಮಗನ ಕೈ ಮಾತ್ರ ಕೆಸರಾಗಬಾರದೆನ್ನುತ್ತೇವೆ.

ನೆರೆಮನೆಯ ಹಿರಿಯರಿಗೆ ಈ ಚರಿತ್ರೆಯನ್ನೆಲ್ಲ ಎರಡು ಮೂರು ಸಂಜೆ ಕುಳಿತು ಹೇಳಿದೆವು. ಪುಣೆಯ ಕಾಲೇಜು ಓವರ್‌ಸಿಯರುಗಳ ತರಗತಿಯಾಗಿ ಹುಟ್ಟಿದ್ದು, ಭದ್ರಾವತಿಯ ಹಣ ಕಸಬಿನ ಶಾಲೆಗೆ ಹೋದದ್ದು, ಇವೆರಡನ್ನೂ ಅವರು ಗಮನವಿಟ್ಟು ಕೇಳಿದರು. ಕೊನೆಗೆ ಹುಡುಗ ಐ.ಟಿ.ಐ. ಸೇರಿದ. ಈಗ ಅವನದು ಎರಡನೆಯ ವರ್ಷ. ಊರಿನಿಂದ ಫೋನು ಬಂದಾಗ ಮಗ ಓದುತ್ತಿದ್ದಾನೆಂದಷ್ಟೇ ತಂದೆ ಹೇಳುತ್ತಾರೆ, ಏನನ್ನು ಎಂಬುದನ್ನು ಇನ್ನೂ ಹೇಳುವುದಿಲ್ಲ. ಅದಕ್ಕೂ ಒಂದು ದಿನ ಬರುತ್ತದೆಂದು ನಂಬಿದ್ದೇವೆ. ಈ ಸಲ ನಮ್ಮ ರಾಜ್ಯೋತ್ಸವದ ವೇದಿಕೆಗೆ ದೀಪಗಳ ತಂತಿಯನ್ನು ಎಳೆಯುವವನು ಅವನೇ. ಸಮಾರಂಭಕ್ಕೆ ಬಂದ ಬಂಧುಗಳು ಭುವನೇಶ್ವರಿಯ ಚಿತ್ರಕ್ಕೆ ಕೈಮುಗಿದ ಮೇಲೆ ಅವನ ಬೆನ್ನನ್ನೂ ಒಮ್ಮೆ ತಟ್ಟಿಹೋಗಬೇಕೆಂದು ಪ್ರಾರ್ಥಿಸಿ, ಎಲ್ಲ ಕನ್ನಡ ಬಾಂಧವರಿಗೂ ರಾಜ್ಯೋತ್ಸವದ ಶುಭಾಶಯಗಳನ್ನು ಕೋರಿ ವಿರಮಿಸುತ್ತೇವೆ.